ಬಾವಲಿಯ ಆಚೆ–ಈಚೆ: ಮಾರ್ ಜೇಕಬ್ ತೂಂಕುಳಿ ಮತ್ತು ಮೂರು ರಾಜ್ಯಗಳ ಒಂದು ಧರ್ಮಕ್ಷೇತ್ರ

ಮಾನಂದವಾಡಿಯಿಂದ ಕಾಟ್ಟಿಕುಳಂ ಮಾರ್ಗವಾಗಿ ಬರುವ ರಸ್ತೆ ಬಾವಲಿಯಲ್ಲಿ ಕೇರಳವನ್ನು ಬಿಟ್ಟು ನಾಗರಹೊಳೆಯ ಕಾಡು ಹೊಗುತ್ತದೆ. ಬಳ್ಳೆ, ಅಂತರಸಂತೆಗಳನ್ನು ಹಾದು ಹೆಗ್ಗಡದೇವನಕೋಟೆಯ ಮೂಲಕ ಮೈಸೂರು ಸೇರುತ್ತದೆ. 1956ಕ್ಕೆ ಮೊದಲು ಇದು ಮದರಾಸು ಪ್ರಾಂತದ ಮಲಬಾರ್ ಜಿಲ್ಲೆಗೂ ಮೈಸೂರು ಸೀಮೆಗೂ ನಡುವಣ ಗಡಿ. ಆಮೇಲೆ ಎರಡು ಭಾಷಾವಾರು ರಾಜ್ಯಗಳ ಗಡಿ. ಇಂದು ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ದಾರಿಯಲ್ಲಿ ವಾಹನ ಸಂಚಾರಕ್ಕೂ ತಡೆಯಿದೆ. ಆದರೆ 1973ರಿಂದ 2010ರವರೆಗೆ ಸಿರೋ ಮಲಬಾರ್ ಕಥೋಲಿಕ ಸಭೆಯ ಭೂಪಟದಲ್ಲಿ ಬಾವಲಿ ಗಡಿಯಾಗಿರಲಿಲ್ಲ. ಅದರ ಎರಡೂ ಬದಿ ಮಾನಂದವಾಡಿ ಧರ್ಮಕ್ಷೇತ್ರಕ್ಕೇ ಸೇರಿದ್ದವು. ಈ ಕ್ಷೇತ್ರದ ಮೊದಲ ಧರ್ಮಾಧ್ಯಕ್ಷರು ಮಾರ್ ಜೇಕಬ್ ತೂಂಕುಳಿ (1930–2025). ಅವರ ಬದುಕನ್ನು ಕೇರಳದ ಒಳಗಿನ ವಲಸೆಯ ಇತಿಹಾಸಕ್ಕೆ ಮಾತ್ರ ಸೇರಿಸಿ ಓದಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಅವರ ಮೊದಲ 22 ವರ್ಷಗಳ ಆಡಳಿತ ಕರ್ನಾಟಕದ ಸಾಮಾಜಿಕ ಇತಿಹಾಸಕ್ಕೂ ಸೇರಿದ್ದು ಎಂಬುದು ಈ ಲೇಖನದ ವಾದ.

ತಿರುವಿತಾಂಕೂರಿನ ಸಿರಿಯನ್ ಕ್ರೈಸ್ತ ರೈತರು 1920ರ ದಶಕದಿಂದ ಮಲಬಾರಿನ ಬೆಟ್ಟಸಾಲಿಗೆ ಬರತೊಡಗಿದರು. ಎರಡನೆಯ ಮಹಾಯುದ್ಧದ ಆಹಾರ ಕೊರತೆ ಆ ವಲಸೆಗೆ ಬಿರುಸು ತಂದಿತು. ದಕ್ಷಿಣದಲ್ಲಿ ಇದ್ದ ಅಷ್ಟಿಷ್ಟು ಜಮೀನು ಮಾರಿ, ಮಲೇರಿಯಾ ಕಾಡುತ್ತಿದ್ದ ನೆಲದಲ್ಲಿ ಮರಗೆಣಸು, ಶುಂಠಿ, ಮೆಣಸು ಬೆಳೆದವರು ಇವರು. ಅವರ ಸಭೆಗೆ ಒಂದು ತೊಡಕಿತ್ತು: ಸಿರೋ ಮಲಬಾರ್ ಧರ್ಮಾಧ್ಯಕ್ಷರ ಅಧಿಕಾರ ಭಾರತಪ್ಪುಳದ ಉತ್ತರಕ್ಕೆ ನಡೆಯುತ್ತಿರಲಿಲ್ಲ, ಅಲ್ಲಿಂದಾಚೆ ಎಲ್ಲವೂ ಲ್ಯಾಟಿನ್ ವಿಧಿಯ ಧರ್ಮಕ್ಷೇತ್ರಗಳ ವ್ಯಾಪ್ತಿ. 1953ರ ಕೊನೆಯಲ್ಲಿ ಸ್ಥಾಪನೆಯಾದ ತಲಶ್ಶೇರಿ ಧರ್ಮಕ್ಷೇತ್ರ ಈ ಕಟ್ಟನ್ನು ಮುರಿಯಿತು. 1955ರಲ್ಲಿ ಅದರ ವ್ಯಾಪ್ತಿ ಕನ್ನಡದ ಜಿಲ್ಲೆಗಳಿಗೂ ಹಬ್ಬಿತು. ಒಂದೇ ನೆಲದ ಮೇಲೆ ಮೈಸೂರಿನ ಲ್ಯಾಟಿನ್ ಧರ್ಮಾಧ್ಯಕ್ಷರೂ ತಲಶ್ಶೇರಿಯ ಸಿರೋ ಮಲಬಾರ್ ಧರ್ಮಾಧ್ಯಕ್ಷರೂ ತಂತಮ್ಮ ವಿಧಿಯ ಭಕ್ತರಿಗೆ ಮುಖ್ಯಸ್ಥರಾದರು. ಇಂಥ ಜೋಡಿ ಅಧಿಕಾರವನ್ನು ಎರಡನೆಯ ಜಾನ್ ಪಾಲ್ ಪೋಪರು ಭಾರತದ ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ ತತ್ತ್ವವಾಗಿ ಒಪ್ಪಿದ್ದು 1987ರಲ್ಲಿ. ಆ ತತ್ತ್ವದಂತೆ ಕಲ್ಯಾಣ್ ಧರ್ಮಕ್ಷೇತ್ರ ಹುಟ್ಟಿದ್ದು ಅದರ ಮರುವರ್ಷ. ಹಳೆಯ ಮೈಸೂರು ಸೀಮೆ ಜೋಡಿ ಅಧಿಕಾರವನ್ನು ಮೂರು ದಶಕ ಮೊದಲೇ ಕಂಡಿತ್ತು. ಭಾರತದ ಸಭಾ ಇತಿಹಾಸದಲ್ಲಿ ಈ ಸಂಗತಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ತೂಂಕುಳಿ ಸ್ವತಃ ಆ ವಲಸೆಯ ಕೂಸು. 1930ರ ಡಿಸೆಂಬರ್ 13ರಂದು ಪಾಲಾ ಸಮೀಪದ ವಿಳಕ್ಕುಮಾಡಂನಲ್ಲಿ ಹುಟ್ಟಿದರು. ಮುಂದೆ ಕುಟುಂಬ ಕೋಳಿಕ್ಕೋಡ್ ಜಿಲ್ಲೆಯ ತಿರುವಂಬಾಡಿಗೆ ಬಂದು ನೆಲೆಸಿತು. ರೋಮಿನಲ್ಲಿ ಓದಿ, 1956ರ ಡಿಸೆಂಬರಿನಲ್ಲಿ ಅಲ್ಲಿಯೇ ಗುರುದೀಕ್ಷೆ ಪಡೆದು ತಲಶ್ಶೇರಿಗೆ ಮರಳಿದರು. ಅಲ್ಲಿನ ಧರ್ಮಾಧ್ಯಕ್ಷ ಮಾರ್ ಸೆಬಾಸ್ಟಿಯನ್ ವಳ್ಳೋಪ್ಪಿಳ್ಳಿ ವಲಸಿಗ ರೈತರ ನಾಯಕರೆಂದೇ ಹೆಸರಾದವರು. ತೂಂಕುಳಿ ಆಡಳಿತ ಕಲಿತದ್ದು ಅವರ ಕೈಕೆಳಗೆ. ರೋಮಿನ ದೇವಶಾಸ್ತ್ರಕ್ಕಿಂತ ಈ ತರಬೇತಿಯೇ ಅವರ ಮುಂದಿನ ಕೆಲಸವನ್ನು ಹೆಚ್ಚು ರೂಪಿಸಿತೆಂದು ನನಗೆ ತೋರುತ್ತದೆ. ವಳ್ಳೋಪ್ಪಿಳ್ಳಿಯವರ ಪರಂಪರೆಯಲ್ಲಿ ಚರ್ಚು ಕಟ್ಟುವುದು, ರಸ್ತೆ ತೆಗೆಸುವುದು, ಶಾಲೆ ಶುರುಮಾಡುವುದು ಬೇರೆಬೇರೆ ಕೆಲಸಗಳಾಗಿರಲಿಲ್ಲ.

ಆರನೆಯ ಪಾಲ್ ಪೋಪರು 1973ರ ಮಾರ್ಚ್ 1ರಂದು ತಲಶ್ಶೇರಿಯಿಂದ ಮಾನಂದವಾಡಿಯನ್ನು ಬೇರ್ಪಡಿಸಿದರು. ಮೇ 1ರಂದು ತೂಂಕುಳಿ ಧರ್ಮಾಧ್ಯಕ್ಷರಾದರು. ಆಗ ಅವರಿಗೆ 42 ವರ್ಷ. ವಯನಾಡು, ತಮಿಳುನಾಡಿನ ನೀಲಗಿರಿ, ಕರ್ನಾಟಕದ ಮೈಸೂರು, ಮಂಡ್ಯ, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ ಎಲ್ಲ ಅವರ ಪಾಲಿಗೆ ಬಂದವು. ವಯನಾಡು ಆಗಿನ್ನೂ ಜಿಲ್ಲೆಯೂ ಆಗಿರಲಿಲ್ಲ, ಅದಾದದ್ದು 1980ರಲ್ಲಿ. ಕಾಡಂಚಿನ ಪುಟ್ಟ ಪೇಟೆಯಲ್ಲಿ ಕುಳಿತು ಭದ್ರಾವತಿಯವರೆಗಿನ ಭಕ್ತರನ್ನು ನೋಡಿಕೊಳ್ಳುವ ಹೊಣೆ ಅದು. 1974ರಲ್ಲಿ ವಯನಾಡ್ ಸೋಷಿಯಲ್ ಸರ್ವಿಸ್ ಸೊಸೈಟಿ ಶುರುವಾಯಿತು. 1977ರಲ್ಲಿ ಅವರು ಕ್ರಿಸ್ತುದಾಸಿ ಎಂಬ ಧರ್ಮಭಗಿನಿಯರ ಸಂಸ್ಥೆ ಸ್ಥಾಪಿಸಿದರು.

ಈ ಆಡಳಿತದ ಕಾಲವನ್ನು ನೆಲದ ಪ್ರಶ್ನೆಯಿಂದ ಬಿಡಿಸಿ ನೋಡಲಾಗದು. ಧರ್ಮಕ್ಷೇತ್ರ ಹುಟ್ಟುವ ಮೂರು ವರ್ಷ ಮೊದಲು, 1970ರ ಫೆಬ್ರುವರಿ 18ರಂದು, ಬಾವಲಿಗೆ ದೂರವಲ್ಲದ ತಿರುನೆಲ್ಲಿಯ ಕಾಡಿನಲ್ಲಿ ನಕ್ಸಲ್ ನಾಯಕ ಎ. ವರ್ಗೀಸ್ ಪೊಲೀಸರ ಗುಂಡಿಗೆ ಬಲಿಯಾದರು. ಅವರೂ ವಲಸಿಗ ಕ್ರೈಸ್ತ ಕುಟುಂಬದವರೇ. ಹೋರಾಡಿದ್ದು ಜೀತದಲ್ಲಿದ್ದ ಆದಿವಾಸಿಗಳ ಪರವಾಗಿ. ಆ ಹತ್ಯೆಗಾಗಿ ಮಾಜಿ ಪೊಲೀಸ್ ಅಧಿಕಾರಿಯೊಬ್ಬರಿಗೆ ಶಿಕ್ಷೆಯಾಗಲು 2010 ಬರಬೇಕಾಯಿತು. ಆದಿವಾಸಿಗಳ ಕೈತಪ್ಪಿದ ಭೂಮಿಯನ್ನು ಮರಳಿಸುವ ಶಾಸನವನ್ನು ಕೇರಳ 1975ರಲ್ಲಿ ಮಾಡಿತು. ನಿಯಮಗಳು ಬಂದದ್ದು 1986ರಲ್ಲಿ, ಭೂಮಿ ಮಾತ್ರ ಮರಳಲಿಲ್ಲ. ಪಣಿಯ, ಅಡಿಯ, ಕಾಟ್ಟುನಾಯ್ಕರು ತಮ್ಮದೇ ನೆಲದಲ್ಲಿ ಕೂಲಿಯಾಳುಗಳಾದರು. 2011ರ ಜನಗಣತಿಯಲ್ಲಿ ವಯನಾಡಿನ ಜನಸಂಖ್ಯೆಯ ಶೇ 18.5ರಷ್ಟು ಮಾತ್ರ ಪರಿಶಿಷ್ಟ ಪಂಗಡದವರು. ತೂಂಕುಳಿಯವರ ಅಧಿಕಾರಾವಧಿ ಈ ಶಾಸನ ಕಡತದಲ್ಲೇ ಕೊಳೆತ ಕಾಲವೂ ಹೌದು. ವಲಸಿಗರ ಸಾಹಸವನ್ನು ಹೇಳಿ ಈ ನಷ್ಟವನ್ನು ಹೇಳದ ಸಭಾ ಚರಿತ್ರೆಯನ್ನು ಚರಿತ್ರೆಯೆಂದು ಒಪ್ಪುವುದು ಕಷ್ಟ. ಕನ್ನಡದ ಓದುಗರಿಗೆ ಇದು ಪರಕೀಯ ವಿಷಯವೂ ಅಲ್ಲ: ಕಾಟ್ಟುನಾಯ್ಕರ ನುಡಿ ಕನ್ನಡಕ್ಕೆ ಹತ್ತಿರದ್ದು, ಅವರ ಬಂಧುಗಳಾದ ಜೇನುಕುರುಬರು ಬಾವಲಿಯ ಈಚೆ ಕಾಡಿನಲ್ಲೇ ಇದ್ದಾರೆ.

ವಲಸೆ ವಯನಾಡಿಗೇ ನಿಲ್ಲಲಿಲ್ಲ. ಒಂದೇ ನೆಲದಲ್ಲಿ ವರ್ಷವರ್ಷವೂ ಶುಂಠಿ ಹಾಕಿದರೆ ಕೊಳೆರೋಗ ಹಿಡಿಯುತ್ತದೆ. ಬೆಳೆಗಾರ ಹೊಸ ನೆಲ ಹುಡುಕಲೇಬೇಕು. ಹಾಗೆ ವಯನಾಡಿನ ರೈತರು ಎಚ್.ಡಿ. ಕೋಟೆ, ಹುಣಸೂರು, ಗುಂಡ್ಲುಪೇಟೆಗಳಲ್ಲಿ ಜಮೀನನ್ನು ಗುತ್ತಿಗೆಗೆ ಹಿಡಿದರು. ಬಾವಲಿಯ ದಾರಿಯ ಪ್ರಾಮುಖ್ಯ ತಿಳಿಯುವುದು ಇಲ್ಲಿ. ವಯನಾಡನ್ನು ವಲಸೆಯ ಕೊನೆಯ ನಿಲ್ದಾಣವೆಂದು ಬರೆಯುವ ರೂಢಿಯಿದೆ. ಧರ್ಮಕ್ಷೇತ್ರದ ಭೂಪಟ ಅದನ್ನು ನಡುದಾರಿಯ ತಂಗುದಾಣವೆಂದು ತೋರಿಸುತ್ತದೆ.

1995ರಲ್ಲಿ ತೂಂಕುಳಿ ತಾಮರಶ್ಶೇರಿಗೆ ವರ್ಗವಾದರು. 1997ರ ಫೆಬ್ರುವರಿಯಲ್ಲಿ ತೃಶ್ಶೂರಿನ ಮಹಾಧರ್ಮಾಧ್ಯಕ್ಷ ಪೀಠವೇರಿ 2007ರವರೆಗೆ ಅಲ್ಲಿದ್ದರು. ತೃಶ್ಶೂರಿನ ಜುಬಿಲಿ ಮಿಷನ್ ವೈದ್ಯಕೀಯ ಕಾಲೇಜು ಆರಂಭವಾದದ್ದು ಆ ಅವಧಿಯಲ್ಲಿ. ನಿವೃತ್ತರಾಗಿದ್ದ ಅವರು 2025ರ ಸೆಪ್ಟೆಂಬರ್ 17ರಂದು ತೀರಿಕೊಂಡರು.

ಅವರು ಬಿಟ್ಟುಹೋದ ಮೂರು ರಾಜ್ಯಗಳ ಕ್ಷೇತ್ರ ಮಾತ್ರ ಹಾಗೇ ಉಳಿಯಲಿಲ್ಲ. 2007ರಲ್ಲಿ ಶಿವಮೊಗ್ಗ, ಚಿಕ್ಕಮಗಳೂರುಗಳು ಭದ್ರಾವತಿ ಧರ್ಮಕ್ಷೇತ್ರವಾದವು. 2010ರ ಜನವರಿ 18ರಂದು ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರಗಳನ್ನು ಕೂಡಿಸಿ ಮಂಡ್ಯ ಧರ್ಮಕ್ಷೇತ್ರ ರಚಿಸಲಾಯಿತು; ಅದರ ಮೊದಲ ಧರ್ಮಾಧ್ಯಕ್ಷ ಮಾರ್ ಜಾರ್ಜ್ ಞರಳಕ್ಕಾಟ್ ಮಾನಂದವಾಡಿಯಲ್ಲೇ ಗುರುವಾಗಿದ್ದವರು. ರಾಜ್ಯ ಪುನರ್ವಿಂಗಡಣೆಯ ಗೆರೆ ಸಭೆಯ ಭೂಪಟಕ್ಕೆ ಬರಲು ಹೀಗೆ 54 ವರ್ಷ ಹಿಡಿಯಿತು. 2015ರಲ್ಲಿ ಬೆಂಗಳೂರು ಮತ್ತು ಸುತ್ತಲಿನ ಜಿಲ್ಲೆಗಳು ಮಂಡ್ಯದ ವ್ಯಾಪ್ತಿಗೆ ಸೇರಿದವು. ಆಗ ಕ್ಷೇತ್ರದ ಭಕ್ತರ ಸ್ವರೂಪವೇ ಬದಲಾಯಿತು: ಗುತ್ತಿಗೆ ಜಮೀನಿನ ಶುಂಠಿ ಬೆಳೆಗಾರರ ಜೊತೆಗೆ ಕಚೇರಿಗಳ ನೌಕರರು ಬಂದರು. ಇವರ ಮಕ್ಕಳು ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕು ಎಂಬ ಪ್ರಶ್ನೆಯನ್ನು ಕನ್ನಡದ ವಿದ್ವಾಂಸರು ಇನ್ನು ಎತ್ತಿಕೊಳ್ಳಬೇಕು. ಅದರ ಬೇರು 1973ರ ಮಾನಂದವಾಡಿಯಲ್ಲಿದೆ.