ಪಿಯುಸಿ ಸಿಲಬಸ್‌ನಲ್ಲಿ ಕಾನೂನು ಎಲ್ಲಿದೆ?

ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ಮೇಲೆ ಮನೆಗಳಲ್ಲಿ ನಡೆಯುವ ಚರ್ಚೆ ನಿಮಗೂ ಗೊತ್ತು. ಪಿಸಿಎಂಬಿ ತಗೋಬೇಕಾ, ಕಾಮರ್ಸ್ ಸಾಕಾ, ಎಚ್‌ಇಪಿಎಸ್ ಅಂದ್ರೆ ಜನ ಏನಂತಾರೆ? ಈ ಕಾಂಬಿನೇಷನ್‌ಗಳ ಪಟ್ಟಿಯನ್ನು ಎಷ್ಟು ಹುಡುಕಿದರೂ ‘ಕಾನೂನು’ ಅನ್ನೋ ವಿಷಯ ಸಿಗುವುದಿಲ್ಲ. ರಾಜ್ಯದ ಪಿಯು ಪಠ್ಯದಲ್ಲಿ ಅದಕ್ಕೆ ಹತ್ತಿರದ್ದು ರಾಜ್ಯಶಾಸ್ತ್ರ, ಅದೂ ಹೆಚ್ಚಾಗಿ ಆರ್ಟ್ಸ್‌ನವರಿಗೆ. ಅಲ್ಲಿ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಲ್ಲ ಇವೆ. ಆದರೆ ಎಫ್‌ಐಆರ್ ದಾಖಲಾದ ಮರುದಿನ ಏನಾಗುತ್ತೆ ಅನ್ನುವುದು ಬೇರೆಯದೇ ಪಾಠ.

ಆ ಪಾಠ ಸಿಬಿಎಸ್‌ಇಯಲ್ಲಿದೆ. 2013-14ರಲ್ಲಿ 11ನೇ ತರಗತಿಗೆ ‘ಲೀಗಲ್ ಸ್ಟಡೀಸ್’ ಐಚ್ಛಿಕ ವಿಷಯವಾಗಿ ಬಂತು. ಥಿಯರಿಗೆ 80 ಅಂಕ, ಪ್ರಾಜೆಕ್ಟಿಗೆ 20. ಮೊದಲ ವರ್ಷ ಕಾನೂನು ಎಲ್ಲಿಂದ ಹುಟ್ಟುತ್ತೆ, ಕೋರ್ಟುಗಳ ಮೆಟ್ಟಿಲು ಹೇಗಿದೆ, ಸಿವಿಲ್ ಮತ್ತು ಕ್ರಿಮಿನಲ್ ಕೇಸಿನ ದಾರಿ ಯಾವುದು, ಕುಟುಂಬ ಕಾನೂನು ಏನು ಹೇಳುತ್ತೆ ಎಂಬುದು. ಎರಡನೇ ವರ್ಷ ಆಸ್ತಿ, ಕರಾರು, ಟಾರ್ಟ್, ಲೋಕ ಅದಾಲತ್, ಮಾನವ ಹಕ್ಕು, ಉಚಿತ ಕಾನೂನು ನೆರವು.

ಪಟ್ಟಿ ಒಣಗಿದ ಹಾಗೆ ಕಾಣುತ್ತೆ, ಒಪ್ಪುತ್ತೇನೆ. ಆದರೆ ಊರಲ್ಲಿ ಪಕ್ಕದ ಹೊಲದವರು ಬದು ಒತ್ತಿದಾಗ ಸ್ಟೇಷನ್‌ಗೆ ಹೋದವರಿಗೆ ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗ್ರಿ’ ಅಂತಾರಲ್ಲ, ಆ ಒಂದು ಮಾತಿನ ಅರ್ಥ ಈ ಪುಸ್ತಕದಲ್ಲಿದೆ. ರಸ್ತೆ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡವರು ಪರಿಹಾರ ಕೇಳಬಹುದಾ ಎಂಬ ಪ್ರಶ್ನೆ ಟಾರ್ಟ್ ಅಧ್ಯಾಯದ್ದು. ತೊಂದರೆ ಇರುವುದು ಬೇರೆ ಕಡೆ: ಇದು ಐಚ್ಛಿಕ, ಇಂಗ್ಲಿಷ್‌ನಲ್ಲಿದೆ, ಫೀಸು ಕಟ್ಟುವ ಶಾಲೆಗಳಲ್ಲಿದೆ. ಸರ್ಕಾರಿ ಪಿಯು ಕಾಲೇಜಿನ ಹುಡುಗಿಗೆ ಅದು ತಲುಪುವುದಿಲ್ಲ.

ಅವಳಿಗೆ ಕಾನೂನು ತಲುಪದೆ ಇರುವುದಿಲ್ಲ, ಅದು ಬೇರೆ ವಿಷಯ. ಕಾನೂನು ನಿಮ್ಮ ಮೇಲೆ ಕೆಲಸ ಮಾಡಲು ಶುರು ಮಾಡುವುದೇ ಪಿಯು ವಯಸ್ಸಿನಲ್ಲಿ. ಪೋಕ್ಸೊ ಕಾಯ್ದೆ (2012) ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಒಪ್ಪಿಗೆಗೆ ಬೆಲೆಯಿಲ್ಲ. ಇಬ್ಬರೂ 17 ವರ್ಷದವರು, ಪ್ರೀತಿ ಮಾಡಿದರು, ದೈಹಿಕ ಸಂಬಂಧವೂ ಆಯಿತು ಅಂತಿಟ್ಟುಕೊಳ್ಳಿ. ಹುಡುಗಿಯ ಮನೆಯವರು ದೂರು ಕೊಟ್ಟರೆ ಹುಡುಗ ಆರೋಪಿ. 2019ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಕನಿಷ್ಠ ಶಿಕ್ಷೆ 10 ವರ್ಷ. ಕನಿಷ್ಠ ಶಿಕ್ಷೆ 7 ವರ್ಷ ಅಥವಾ ಹೆಚ್ಚಿದ್ದರೆ ಬಾಲನ್ಯಾಯ ಕಾಯ್ದೆ (2015) ಅದನ್ನು ‘ಘೋರ ಅಪರಾಧ’ ಅನ್ನುತ್ತೆ. ಆಗ 16 ದಾಟಿದ ಹುಡುಗನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕಾ ಎಂದು ಬಾಲನ್ಯಾಯ ಮಂಡಳಿ ಪರಿಶೀಲಿಸಬಹುದು. ಇಷ್ಟೆಲ್ಲ ಆಗುವವರೆಗೂ ಆ ಹುಡುಗನಿಗೆ ಇಂಥದ್ದೊಂದು ಕಾಯ್ದೆ ಇದೆ ಅಂತ ಯಾರೂ ಹೇಳಿರುವುದಿಲ್ಲ.

ಇದನ್ನು ಹೈಕೋರ್ಟೇ ಹೇಳಿದೆ. 2022ರ ನವೆಂಬರ್ 4ರಂದು ಧಾರವಾಡ ಪೀಠದ ಮುಂದೆ ಬಂದ ಪ್ರಕರಣದಲ್ಲಿ ಹುಡುಗಿಗೆ ಘಟನೆಯ ಕಾಲಕ್ಕೆ 17 ವರ್ಷ. ಕೇಸು ನಡೆಯುತ್ತಿರುವಾಗಲೇ ಇಬ್ಬರೂ ಮದುವೆಯಾಗಿ ಮಕ್ಕಳೂ ಆಗಿದ್ದರು. ಖುಲಾಸೆಯನ್ನು ಎತ್ತಿಹಿಡಿದ ಪೀಠ ಎರಡು ಮಾತು ಸೇರಿಸಿತು: ಒಪ್ಪಿಗೆಯ ವಯಸ್ಸಿನ ಬಗ್ಗೆ ಕಾನೂನು ಆಯೋಗ ಮರುಚಿಂತನೆ ಮಾಡಲಿ, ಮತ್ತು ಕನಿಷ್ಠ 9ನೇ ತರಗತಿಯಿಂದ ಮಕ್ಕಳಿಗೆ ಈ ಕಾಯ್ದೆಗಳ ಬಗ್ಗೆ ತಿಳಿಸಲು ಶಿಕ್ಷಣ ಇಲಾಖೆ ಪಠ್ಯ ಸಿದ್ಧಪಡಿಸಲಿ. ಮೊದಲನೆಯದಕ್ಕೆ ಆಯೋಗ 2023ರಲ್ಲಿ ತನ್ನ 283ನೇ ವರದಿಯಲ್ಲಿ ಉತ್ತರ ಕೊಟ್ಟಿತು: ವಯಸ್ಸು 18 ಇರಲಿ, 16ರಿಂದ 18ರ ನಡುವಿನ ಇಂಥ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯದಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ. ವಯಸ್ಸು ಬದಲಾಗುವುದಿಲ್ಲ ಅಂದಮೇಲೆ ಎರಡನೆಯ ಮಾತೇ ಹೆಚ್ಚು ಮುಖ್ಯ. ಪೋಕ್ಸೊ ಆರೋಪ ಸೈನ್ಸು, ಕಾಮರ್ಸು ನೋಡಿ ಬರಲ್ಲ. ಹಾಗಾಗಿ ಇದು ಐಚ್ಛಿಕ ವಿಷಯವಾಗಿ ಬಂದರೆ ಪ್ರಯೋಜನ ಕಮ್ಮಿ. ಎಲ್ಲ ವಿಭಾಗಕ್ಕೂ, ಕನ್ನಡದಲ್ಲಿ, ಪ್ರಕ್ರಿಯೆಯನ್ನು ಕಲಿಸುವ ಒಂದು ಪೇಪರ್ ಬೇಕು ಅನ್ನುವುದು ನನ್ನ ವಾದ.

ಪ್ರಕ್ರಿಯೆ ಅಂತ ಯಾಕೆ ಒತ್ತಿ ಹೇಳ್ತಿದೀನಿ? ಹಿಜಾಬ್ ಪ್ರಕರಣ ನೆನಪಿಸಿಕೊಳ್ಳಿ. ಅರ್ಜಿದಾರರಲ್ಲಿ ಉಡುಪಿಯ ಪಿಯು ವಿದ್ಯಾರ್ಥಿನಿಯರೇ ಇದ್ದರು. 2022ರ ಫೆಬ್ರವರಿ 10ರ ಮಧ್ಯಂತರ ಆದೇಶ, ಕಾಲೇಜು ಅಭಿವೃದ್ಧಿ ಸಮಿತಿ ಸಮವಸ್ತ್ರ ನಿಗದಿ ಮಾಡಿದ ಸಂಸ್ಥೆಗಳಿಗೆ, ಅಲ್ಲಿನ ವಿದ್ಯಾರ್ಥಿಗಳಿಗೆ ಸೀಮಿತ. ಕೇಸರಿ ಶಾಲಿಗೂ ಅದು ಅನ್ವಯಿಸುತ್ತಿತ್ತು. ಆದರೂ ಕೆಲವೆಡೆ ಶಿಕ್ಷಕಿಯರನ್ನೂ ಗೇಟಲ್ಲಿ ತಡೆದರು. ಆದೇಶದ ವ್ಯಾಪ್ತಿ ಎಲ್ಲಿಗೆ ಮುಗಿಯುತ್ತೆ ಅಂತ ಗೇಟಿನ ಎರಡೂ ಬದಿ ನಿಂತವರಲ್ಲಿ ಎಷ್ಟು ಜನ ಓದಿದ್ದರು? ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟಾಗ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಎರಡೂ ಕಡೆಯವರು ‘ಗೆದ್ವಿ’ ಅಂತ ಹಾಕಿದ್ದರು. ಭಿನ್ನ ತೀರ್ಪು ಅಂದರೆ ವಿಷಯ ದೊಡ್ಡ ಪೀಠಕ್ಕೆ ಹೋಗುತ್ತೆ, ಅಲ್ಲಿವರೆಗೆ ಹೈಕೋರ್ಟ್ ತೀರ್ಪೇ ನಿಲ್ಲುತ್ತೆ ಅಂತ ಅಷ್ಟೇ. ಇಂಜಿನಿಯರಿಂಗ್‌ನಲ್ಲಿ ನಮಗೂ ಸಂವಿಧಾನದ ಪೇಪರ್ ಇತ್ತು. ವಿಧಿಗಳ ನಂಬರು ಕೇಳುತ್ತಿದ್ದರೇ ಹೊರತು ಒಂದು ತೀರ್ಪನ್ನೂ ಓದಿಸಲಿಲ್ಲ.

ಲಾ ಓದುವ ಆಸೆ ಇರುವವರಿಗೆ ಒಂದು ಮಾತು. ಪಿಯುನಲ್ಲಿ ಕಾನೂನು ಓದಿರಲೇಬೇಕು ಅಂತೇನೂ ಇಲ್ಲ. ಯಾವ ವಿಭಾಗದವರೂ ಐದು ವರ್ಷದ ಕೋರ್ಸಿಗೆ ಸೇರಬಹುದು. ಕ್ಲಾಟ್ ಪರೀಕ್ಷೆಯೂ ಕಾನೂನಿನ ಜ್ಞಾನ ಕೇಳುವುದಿಲ್ಲ, ಕೊಟ್ಟ ಪ್ಯಾಸೇಜ್ ಓದಿ ತರ್ಕ ಮಾಡಿ ಅನ್ನುತ್ತೆ. ಆದರೆ ಅದು ಇಂಗ್ಲಿಷ್‌ನಲ್ಲಿ ಮಾತ್ರ, ಕನ್ನಡ ಮಾಧ್ಯಮದವರಿಗೆ ನಿಜವಾದ ಗೋಡೆ ಅದೇ.

ಸ್ವಂತವಾಗಿ ಓದುವುದಾದರೆ ಸಿಬಿಎಸ್‌ಇ ಪುಸ್ತಕದಿಂದ ಶುರು ಮಾಡಬಹುದು. ಹಳೆಯ ಪ್ರತಿ ಸಿಕ್ಕರೆ ಹುಷಾರು: 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕೊಲೆ 302 ಹೋಗಿ 103 ಆಗಿದೆ, ನಾವು ಬೈಯೋಕೆ ಬಳಸುವ ಫೋರ್ ಟ್ವೆಂಟಿ ಈಗ 318. ಇನ್ನು ಓದುವಷ್ಟು ಪುರುಸೊತ್ತಿಲ್ಲದ ಸ್ಥಿತಿ ಬಂದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. 1987ರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಪಡೆಯಬಹುದು. 18 ತುಂಬದ ಪ್ರತಿ ಪಿಯು ವಿದ್ಯಾರ್ಥಿಯೂ ಈ ಪಟ್ಟಿಯೊಳಗೆ ಬರುತ್ತಾರೆ.