ಶ್ರೀರಂಗಪಟ್ಟಣದ ಯುದ್ಧವೂ ಒಂದು ಮೂಗಿನ ಮರುನಿರ್ಮಾಣವೂ

ಮಂಡ್ಯ ಜಿಲ್ಲೆಯ ಬಸರಾಳಿನಲ್ಲಿರುವ ಮಲ್ಲಿಕಾರ್ಜುನ ದೇವಾಲಯವನ್ನು 1234ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಹರಿಹರನು ಕಟ್ಟಿಸಿದನೆಂದು ನಾವು ನಿಶ್ಚಯವಾಗಿ ಹೇಳಬಲ್ಲೆವು. ಇದೇ ಜಿಲ್ಲೆಯ ಶ್ರೀರಂಗಪಟ್ಟಣದ ಯುದ್ಧಕ್ಕೆ ಸಂಬಂಧಿಸಿದ ಒಂದು ಶಸ್ತ್ರಚಿಕಿತ್ಸೆಯ ವಿಷಯದಲ್ಲಾದರೋ, ಅದನ್ನು ಮಾಡಿದವನ ಹೆಸರು ಉಳಿದಿಲ್ಲ. ಅಂಗಾಂಶ ನಿರ್ಮಾಣವೆಂದು ಇಂದು ಕರೆಯಲ್ಪಡುವ ವಿದ್ಯೆಯ ಪೂರ್ವಚರಿತ್ರೆಯಲ್ಲಿ ಆತನ ಸ್ಥಾನವೇನೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

1794ರ ಅಕ್ಟೋಬರಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ ಎಂಬ ಲಂಡನ್ನಿನ ಪತ್ರಿಕೆಯಲ್ಲಿ ‘ಬಿ. ಎಲ್.’ ಎಂಬ ಅಂಕಿತದ ಪತ್ರವೊಂದು ಪ್ರಕಟವಾಯಿತು. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತು ಹೊಡೆಯುವವನಾಗಿದ್ದ ಕಾವಸ್‌ಜಿ ಎಂಬ ಮರಾಠನು ಟೀಪು ಸುಲ್ತಾನನ ಸೆರೆಗೆ ಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದೂ, ವರ್ಷಕ್ಕೆ ಮೇಲ್ಪಟ್ಟು ಮೂಗಿಲ್ಲದೆ ಇದ್ದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನಿಗೆ ಹೊಸ ಮೂಗನ್ನು ಕೂಡಿಸಿದನೆಂದೂ ಅದರಲ್ಲಿ ಹೇಳಿದೆ. ಟೀಪುವಿನ ಮೇಲಣ ಆರೋಪವು ಶತ್ರುಪಕ್ಷದ ಪತ್ರಿಕೆಯಲ್ಲಿ ಬಂದುದು. ಆ ಎಚ್ಚರದಿಂದಲೇ ಅದನ್ನು ಓದಬೇಕು. ಚಿಕಿತ್ಸೆಯ ವಿವರಣೆಯಾದರೋ ಬೇರೆ ಬಗೆಯದು. ಬೊಂಬಾಯಿ ಪ್ರಾಂತದ ಇಬ್ಬರು ವೈದ್ಯರು ಕಣ್ಣಾರೆ ಕಂಡರೆಂದು ಹೇಳಲಾದ ಆ ಕ್ರಮದ ವರ್ಣನೆಯಿಂದ ಯಾವ ರಾಜಕೀಯ ಪ್ರಯೋಜನವೂ ಇರಲಿಲ್ಲ.

ಆ ಕ್ರಮ ಹೀಗಿದೆ. ಮೊದಲು ತೆಳುವಾದ ಮೇಣದ ಹಾಳೆಯನ್ನು ಮೂಗಿನ ಆಕಾರಕ್ಕೆ ಹೊಂದಿಸಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುವುದು. ಆ ಗೆರೆಯಂತೆ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಕಿರಿದಾದ ಒಂದು ಪಟ್ಟಿಯನ್ನು ಮಾತ್ರ ಕೊಯ್ಯದೆ ಉಳಿಸಿ, ಚರ್ಮವನ್ನು ತಿರುಗಿಸಿ ಕೆಳಕ್ಕೆ ತಂದು ಕೂಡಿಸುವುದು. ನೀರಿನಲ್ಲಿ ಮೆತ್ತಗಾಗಿಸಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಸವರಿ, ಐದಾರನ್ನು ಒಂದರ ಮೇಲೊಂದರಂತೆ ಅಂಟಿಸುವುದು. ನಾಲ್ಕು ದಿನಗಳ ತರುವಾಯ ತುಪ್ಪದಲ್ಲಿ ಅದ್ದಿದ ಬಟ್ಟೆ. ಉಳಿಸಿದ ಪಟ್ಟಿಯನ್ನು ಕತ್ತರಿಸುವುದು ಸುಮಾರು 25ನೆಯ ದಿನ.

ಈ 25 ದಿನಗಳಲ್ಲಿಯೇ ವಿಷಯದ ಮರ್ಮವಿದೆ. ಹೊಸ ಸ್ಥಳದಲ್ಲಿ ರಕ್ತನಾಳಗಳು ಬೆಳೆಯುವವರೆಗೆ ಹಣೆಯ ಚರ್ಮವು ಹಳೆಯ ದಾರಿಯಿಂದಲೇ ರಕ್ತವನ್ನು ಪಡೆಯಬೇಕು. ಕಾಚಿನ ಒಗರಿಗೂ ಚರ್ಮಕ್ಕೂ ಇರುವ ಸಂಬಂಧವನ್ನು ತಂಗಡಿ ತೊಗಟೆಯಿಂದ ತೊಗಲನ್ನು ಹದಮಾಡುವವರು ಬಹುಕಾಲದಿಂದ ಬಲ್ಲರು: ಆ ಒಗರು ಚರ್ಮದ ಕೊಲ್ಯಾಜನ್ ಎಂಬ ನಾರನ್ನು ಬಿಗಿಯುತ್ತದೆ. ಆ ನಾರಿನಲ್ಲಿ ಮೂರು ಎಳೆಗಳು ಹುರಿಗೊಂಡಿವೆಯೆಂಬುದನ್ನು ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ನರು ಗೋಪಿನಾಥ ಕರ್ತಾ ಅವರೊಡನೆ ಮದರಾಸಿನಲ್ಲಿ 1954–55ರಲ್ಲಿ ನಿರೂಪಿಸಿದರು. 1981ರಲ್ಲಿ ಅಮೆರಿಕದ ಬರ್ಕ್ ಮತ್ತು ಯಾನಸ್ ಎಂಬವರು ಕೊಲ್ಯಾಜನ್ನಿನಿಂದ ರಂಧ್ರಮಯವಾದ ಹಂದರವನ್ನು ಮಾಡಿ ಸುಟ್ಟ ಗಾಯಗಳಿಗೆ ಹೊದಿಸಿದ ವೃತ್ತಾಂತವನ್ನು ಪ್ರಕಟಿಸಿದರು. ರೋಗಿಯ ಜೀವಕೋಶಗಳೂ ರಕ್ತನಾಳಗಳೂ ಆ ರಂಧ್ರಗಳೊಳಕ್ಕೆ ಬೆಳೆಯುತ್ತವೆ. ಹಂದರವು ಕ್ರಮೇಣ ಕರಗುತ್ತದೆ.

ಇಟ್ಟಿಗೆಯವನು ಮಾಡಿದುದು ಹಂದರವಲ್ಲ, ಜೀವಂತ ಚರ್ಮದ ಸ್ಥಾನಾಂತರ. ಎರಡನ್ನೂ ಒಂದೆಂದು ಹೇಳುವುದು ಅತ್ಯುಕ್ತಿ. ಅವನ ಕ್ರಮವನ್ನು ನೇರವಾಗಿ ಸುಶ್ರುತನಿಗೆ ಜೋಡಿಸುವುದೂ ಸುಲಭವಲ್ಲ. ಸುಶ್ರುತಸಂಹಿತೆಯಲ್ಲಿ ಅಳತೆಗೆ ಎಲೆಯನ್ನೂ, ಚರ್ಮಕ್ಕೆ ಕೆನ್ನೆಯನ್ನೂ ಹೇಳಿದೆ. ಇಲ್ಲಿ ಮೇಣವೂ ಹಣೆಯೂ ಇವೆ. ಆದರೆ ಆಕಾರವನ್ನು ಮೊದಲೇ ಅಳೆಯಬೇಕು, ರಕ್ತಕ್ಕೆ ದಾರಿ ಇರಬೇಕು ಎಂಬ ಎರಡು ನಿಯಮಗಳು ಇಂದಿನ ಹಂದರಕ್ಕೂ ಅನಿವಾರ್ಯವೇ. ಅಕ್ಷರವಿದ್ಯೆಯ ಹೊರಗೆ, ಕೈಯಿಂದ ಕೈಗೆ ಬಂದಿರಬಹುದಾದ ಕುಶಲತೆಯಲ್ಲಿ ಅವೆರಡೂ ಇದ್ದುವು.

1814ರಲ್ಲಿ ಲಂಡನ್ನಿನ ಕಾರ್ಪ್ಯೂ ಎಂಬ ವೈದ್ಯನು ಇದೇ ಕ್ರಮವನ್ನು ಅನುಸರಿಸಿ, 1816ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಕಾರ್ಪ್ಯೂವಿನ ಹೆಸರು ವೈದ್ಯಚರಿತ್ರೆಯಲ್ಲಿ ನಿಂತಿತು; ಕಾವಸ್‌ಜಿಯ ಮುಖವು ಚಿತ್ರದಲ್ಲಿ ಉಳಿಯಿತು; ಮೂಗನ್ನು ಕೂಡಿಸಿದವನು ಕುಲದ ಹೆಸರಿನಿಂದ ಮಾತ್ರ ಗುರುತಾದನು. ಶ್ರೀರಂಗಪಟ್ಟಣದ ಯುದ್ಧವನ್ನು ಬೋಧಿಸುವಾಗ ಸಂಧಿಪತ್ರದ ಷರತ್ತುಗಳೊಡನೆ ಈ ಅನಾಮಧೇಯನ 25 ದಿನಗಳನ್ನೂ ವಿದ್ಯಾರ್ಥಿಗಳಿಗೆ ಹೇಳುವುದು ಯುಕ್ತವೆಂದು ನಾವು ಭಾವಿಸುತ್ತೇವೆ.