ಒಂದು ಕಂಪ್ಯೂಟರು, ಐದು ಮೌಸು

ನಮ್ಮ ಕೋಪರಿಯ ಕಡೆಯಿಂದ ಠಾಣೆ ಸ್ಟೇಷನ್ನಿಗೆ ನಡೆದು ಕರ್ಜತ್ ಲೋಕಲ್ ಹತ್ತಿದರೆ, ಮಕ್ಕಳ ಕಂಪ್ಯೂಟರ್ ಕಲಿಕೆಯ ಇತಿಹಾಸದ ಒಂದು ಊರಿನ ಹತ್ತಿರಕ್ಕೆ ಹೋಗಿ ಇಳೀತೀವಿ. ಕರ್ಜತ್ ಸೀಮೆಯ ಖೈರಾಟ್.

2005ರಲ್ಲಿ ಎಂಐಟಿಯ ನಿಕೊಲಸ್ ನೆಗ್ರೊಪೊಂಟೆ 'ನೂರು ಡಾಲರಿನ ಲ್ಯಾಪ್‌ಟಾಪ್' ತೋರಿಸಿದರು. ಮಗುವಿಗೊಂದು ಯಂತ್ರ ಕೊಡಿ, ಕಲಿಕೆ ತಾನಾಗೇ ಆಗತ್ತೆ ಅನ್ನೋ ನಂಬಿಕೆ ಅದರ ಹಿಂದಿತ್ತು. 2006ರಲ್ಲಿ ನಮ್ಮ ಮಾನವ ಸಂಪನ್ಮೂಲ ಸಚಿವಾಲಯ ಬೇಡ ಅಂದಿತು. ಮೊದಲು ಕೊಠಡಿ ಬೇಕು, ಮೇಷ್ಟ್ರು ಬೇಕು ಅಂತ. ಆದರೂ 2007ರಲ್ಲಿ ಖೈರಾಟಿನ ಒಬ್ಬರೇ ಮೇಷ್ಟ್ರಿದ್ದ ಶಾಲೆಗೆ ಆ ಹಸಿರು-ಬಿಳಿ ಲ್ಯಾಪ್‌ಟಾಪುಗಳು ಪ್ರಯೋಗವಾಗಿ ಬಂದವು. 22 ಮಕ್ಕಳು, ತಲೆಗೊಂದು.

ಅದೇ 2007ರಲ್ಲಿ ಬೆಂಗಳೂರಿನಿಂದ ಇದಕ್ಕೆ ಪೂರ್ತಿ ಉಲ್ಟಾ ಒಂದು ಅಧ್ಯಯನ ಹೊರಬಂತು. ನನಗೆ ಇದೇ ಹೆಚ್ಚು ಇಷ್ಟ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿದ್ದ ಕೆಂಟಾರೊ ಟೊಯಾಮ, ಉದೈ ಸಿಂಗ್ ಪವಾರ್, ಜೋಯೋಜೀತ್ ಪಾಲ್ ಹಳ್ಳಿ ಶಾಲೆಗಳಲ್ಲಿ ಗಮನಿಸಿದ್ದಿಷ್ಟು: ಒಂದು ಕಂಪ್ಯೂಟರಿನ ಮುಂದೆ ಮಕ್ಕಳ ಗುಂಪು, ಮೌಸು ಮಾತ್ರ ಒಬ್ಬನ ಕೈಲಿ. ಮಿಕ್ಕವರು ಪ್ರೇಕ್ಷಕರು. ಯಂತ್ರಗಳನ್ನ ಹೆಚ್ಚಿಸೋಕೆ ದುಡ್ಡಿಲ್ಲ, ಸರಿ, ಮೌಸನ್ನೇ ಹೆಚ್ಚಿಸಿದರು! ಒಂದೇ ಪರದೆ, ಐದು ಮೌಸು, ಪ್ರತಿ ಮಗುವಿಗೂ ತನ್ನದೇ ಬಾಣ.

238 ಮಕ್ಕಳಿಗೆ ಇಂಗ್ಲಿಷ್ ಪದಗಳನ್ನ ಕಲಿಸಿ ನೋಡಿದರು. ಐವರು ಹಂಚಿಕೊಂಡ ಗುಂಪಿನ ಮಕ್ಕಳು, ಕಂಪ್ಯೂಟರನ್ನ ಒಬ್ಬರೇ ಪಡೆದ ಮಕ್ಕಳಷ್ಟೇ ಪದ ಕಲಿತಿದ್ದರು. ಆಟವನ್ನ ಎರಡು ಥರ ಮಾಡಿದ್ದರು: ಒಂದರಲ್ಲಿ ಪೈಪೋಟಿ, ಇನ್ನೊಂದರಲ್ಲಿ ಎಲ್ಲರೂ ಕೂಡಿ ಆಡಬೇಕು. ಅಷ್ಟು ಸಣ್ಣ ಬದಲಾವಣೆಗೇ ಹುಡುಗರ ಕಲಿಕೆ ಏರುಪೇರಾಯಿತು. ಹುಡುಗಿಯರು ಎಲ್ಲಾ ಥರದಲ್ಲೂ ಹೆಚ್ಚುಕಡಿಮೆ ಒಂದೇ ಸಮ ಕಲಿತರು. (ಕೋಡ್ ಬರೆಯೋ ನಾವು ಇದನ್ನ ಎರಡು ಸಲ ಓದಬೇಕು. ಯಂತ್ರ ಅದೇ, ಬದಲಾದದ್ದು ಆಟದ ನಿಯಮ.)

ಅತ್ತ ಮಗುವಿಗೊಂದು ಲ್ಯಾಪ್‌ಟಾಪಿನ ಕಥೆ ಏನಾಯ್ತು? ಪೆರು ದೇಶ ಅದನ್ನ ಲಕ್ಷಗಟ್ಟಲೆ ಹಂಚಿತು. ಅಲ್ಲಿನ 319 ಹಳ್ಳಿ ಶಾಲೆಗಳ ಅಧ್ಯಯನ 2012ರಲ್ಲಿ ಬಂತು. ಗಣಿತದಲ್ಲಿ, ಭಾಷೆಯಲ್ಲಿ ಹೆಚ್ಚಳ ಕಾಣಲಿಲ್ಲ. ಸಾಮಾನ್ಯ ತರ್ಕಶಕ್ತಿಯಲ್ಲಿ ಸ್ವಲ್ಪ ಲಾಭ ಕಂಡಿತು, ಅದನ್ನೂ ಹೇಳಬೇಕು. ಟೊಯಾಮ ಅವರೇ 2015ರಲ್ಲಿ 'ಗೀಕ್ ಹೆರೆಸಿ' ಪುಸ್ತಕ ಬರೆದರು. ತಂತ್ರಜ್ಞಾನ ಇರೋ ಶಕ್ತಿಯನ್ನ ಹಿಗ್ಗಿಸತ್ತೆ, ಇಲ್ಲದ್ದನ್ನ ಹುಟ್ಟಿಸೋದಿಲ್ಲ ಅನ್ನೋದು ಅದರ ವಾದ.

ಐರೋಲಿಯ ಆಫೀಸುಗಳಿಗೆ ಓಡಾಡೋ ನಮ್ಮಂಥವರ ಮನೆಗಳಲ್ಲಿ ದುಡ್ಡಿನ ಕೊರತೆ ಅಷ್ಟಿಲ್ಲ. ಅಕ್ಕ-ತಮ್ಮ ಜಗಳ ಆಡಿದ್ರೆ ಎರಡನೇ ಟ್ಯಾಬ್ ತಂದುಬಿಡ್ತೀವಿ. ನಾವು ಇನ್ನೂ ತಂದಿಲ್ಲ. ಇಬ್ಬರೂ ಒಪ್ಪಿದ ಮೇಲೇ ಪರದೆ ಮುಟ್ಟಬೇಕು ಅಂತ ನಿಯಮ ಮಾಡಿದ್ದೀವಿ. ಶಾಲೆಯಲ್ಲಿ ಹಿಂದಿ, ಬಿಲ್ಡಿಂಗ್ ಕೆಳಗೆ ಮರಾಠಿ. ಟ್ಯಾಬಿನ ಮುಂದಿನ ಈ ವಾದ ಮಾತ್ರ ಕನ್ನಡದಲ್ಲೇ ನಡೀತಿದೆ, ಅದೂ ಜೋರಾಗಿ.